ಬೆಳಕಿನ ದನಿಗೆ ಕಿವಿಗೊಟ್ಟವನು

ಅಲೆಕ್ಸಾಂಡರ್ ಗ್ರಹಾಂ ಬೆಲ್ ಎಂದೊಡನೆ ನಮಗೆ ನೆನಪಾಗುವುದು ದೂರವಾಣಿ. ತಂತಿಯ ಒಂದು ತುದಿಯಲ್ಲಿ ಆಡಿದ ಮಾತು ಇನ್ನೊಂದು ತುದಿಯಲ್ಲಿ ಕೇಳುವಂತೆ ಮಾಡಿದ ಕೀರ್ತಿ ಅವನದು. ಆದರೆ ತನ್ನ ಸಂಶೋಧನೆಗಳಲ್ಲಿ ಶ್ರೇಷ್ಠವಾದುದೆಂದು ಅವನು ಬಗೆದದ್ದು ದೂರವಾಣಿಯನ್ನಲ್ಲ. 1880ರಲ್ಲಿ ಅವನು ರಚಿಸಿದ, ತಂತಿಯೇ ಇಲ್ಲದೆ ಸೂರ್ಯನ ಬೆಳಕಿನ ಮೇಲೆ ಮಾತನ್ನು ಕಳುಹಿಸುವ ಫೋಟೋಫೋನ್ ಎಂಬ ಯಂತ್ರವೇ ಅವನ ಎಣಿಕೆಯಲ್ಲಿ ಎಲ್ಲಕ್ಕಿಂತ ಮಿಗಿಲಾಗಿತ್ತು. ಲೋಕ ಅದನ್ನು ಕಂಡು ಬೆರಗಾಯಿತು, ಬಳಿಕ ಮರೆತುಬಿಟ್ಟಿತು. ಆ ಯಂತ್ರದಲ್ಲಿ ಬೆಳಕು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಬಂದ ಬೆಳಕನ್ನು ಬರಮಾಡಿಕೊಳ್ಳುವ ಕಡೆಯಲ್ಲಿ ಒಂದು ಕೊರತೆಯಿತ್ತು. ಆ ಕೊರತೆ ಏನು, ಅದು ತುಂಬಲು ಎಷ್ಟು ಕಾಲ ಬೇಕಾಯಿತು ಎಂಬುದನ್ನು ಅರಿತರೆ ಬೆಲ್‌ನ ಬದುಕೂ, ಇಂದು ನಮ್ಮ ಮನೆಬಾಗಿಲಿಗೆ ಬಂದಿರುವ ಬೆಳಕಿನ ತಂತಿಯೂ ನಮಗೆ ಚೆನ್ನಾಗಿ ಅರ್ಥವಾಗುತ್ತವೆ.

ಬೆಲ್ 1847ನೆಯ ಇಸವಿ ಮಾರ್ಚ್ 3ರಂದು ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಜನಿಸಿದನು. ಅವನ ತಾತನೂ ತಂದೆಯೂ ಉಚ್ಚಾರಣೆಯನ್ನು ಕಲಿಸುವ ಉಪಾಧ್ಯಾಯರು. ತಂದೆ ಮೆಲ್ವಿಲ್ ಬೆಲ್, ಬಾಯಿಯಿಂದ ಹೊರಡುವ ಪ್ರತಿಯೊಂದು ಧ್ವನಿಗೂ ಒಂದೊಂದು ಚಿಹ್ನೆಯನ್ನು ಗೊತ್ತುಮಾಡಿ, ನಾಲಗೆ ತುಟಿ ಗಂಟಲುಗಳು ಹೇಗೆ ಚಲಿಸಬೇಕೆಂಬುದನ್ನು ಆ ಚಿಹ್ನೆಯಿಂದಲೇ ತೋರಿಸುವ ಲಿಪಿಯೊಂದನ್ನು ರಚಿಸಿದ್ದನು. ತಾಯಿ ಎಲೈಜಾ ಪಿಯಾನೋ ನುಡಿಸುವುದರಲ್ಲಿ ನಿಪುಣೆ. ಆದರೆ ಅವಳಿಗೆ ಕಿವಿ ಬಹಳ ಮಂದ. ಇತರರು ಅವಳೊಡನೆ ಮಾತನಾಡಲು ಕೊಳವೆಯನ್ನು ಅವಳ ಕಿವಿಗಿಟ್ಟು ಕೂಗುತ್ತಿದ್ದರು. ಹುಡುಗ ಅಲೆಕ್ಸಾಂಡರ್ ಮಾತ್ರ ತಾಯಿಯ ಹಣೆಯ ಹತ್ತಿರ ಬಾಯಿಟ್ಟು, ತಗ್ಗಿದ ದನಿಯಲ್ಲಿ, ಒಂದೊಂದು ಅಕ್ಷರವನ್ನೂ ಬಿಡಿಸಿ ನುಡಿಯುತ್ತಿದ್ದನು. ಧ್ವನಿಯ ಕಂಪನ ಮೂಳೆಯ ಮೂಲಕ ಅವಳನ್ನು ಮುಟ್ಟುತ್ತಿತ್ತು. ಕೂಗಿದ ಮಾತ್ರಕ್ಕೆ ಮಾತು ತಲುಪುವುದಿಲ್ಲ, ಕೇಳುವವರ ಕಡೆಯಿಂದ ಯೋಚಿಸಬೇಕು ಎಂಬ ಪಾಠವನ್ನು ಅವನು ಮನೆಯಲ್ಲಿಯೇ ಕಲಿತನು.

ಯೌವನದ ದಿನಗಳು ದುಃಖದವು. ಅವನ ತಮ್ಮ 1867ರಲ್ಲಿಯೂ ಅಣ್ಣ 1870ರಲ್ಲಿಯೂ ಕ್ಷಯರೋಗದಿಂದ ತೀರಿಕೊಂಡರು. ಉಳಿದ ಒಬ್ಬ ಮಗನನ್ನಾದರೂ ಉಳಿಸಿಕೊಳ್ಳಬೇಕೆಂದು ತಂದೆತಾಯಿಗಳು 1870ರಲ್ಲಿ ಊರನ್ನು ತೊರೆದು ಕೆನಡಾ ದೇಶದ ಬ್ರ್ಯಾಂಟ್‌ಫರ್ಡ್ ಎಂಬ ಊರಿಗೆ ಹೋಗಿ ನೆಲೆಸಿದರು. ಅಲ್ಲಿಯ ತಿಳಿಗಾಳಿಯಲ್ಲಿ ಅಲೆಕ್ಸಾಂಡರನ ಆರೋಗ್ಯ ಸುಧಾರಿಸಿತು. ಮರುವರ್ಷವೇ ಅವನು ಅಮೆರಿಕದ ಬಾಸ್ಟನ್ ನಗರಕ್ಕೆ ಹೋಗಿ, ಕಿವಿ ಕೇಳದ ಮಕ್ಕಳಿಗೆ ಮಾತು ಕಲಿಸುವ ಉಪಾಧ್ಯಾಯನಾದನು. 1873ರಲ್ಲಿ ಬಾಸ್ಟನ್ ವಿಶ್ವವಿದ್ಯಾನಿಲಯವು ಅವನನ್ನು ಪ್ರಾಧ್ಯಾಪಕನನ್ನಾಗಿ ನೇಮಿಸಿಕೊಂಡಿತು. ಅವನ ವಿದ್ಯಾರ್ಥಿಗಳಲ್ಲಿ ಮೇಬಲ್ ಹಬರ್ಡ್ ಎಂಬ ಯುವತಿಯೂ ಒಬ್ಬಳು. ಐದು ವರ್ಷದವಳಿದ್ದಾಗ ಬಂದ ಸ್ಕಾರ್ಲೆಟ್ ಜ್ವರದಿಂದ ಅವಳ ಶ್ರವಣಶಕ್ತಿ ಪೂರ್ತಿಯಾಗಿ ಹೋಗಿತ್ತು. ಮುಂದೆ 1877ರಲ್ಲಿ ಬೆಲ್ ಅವಳನ್ನೇ ಮದುವೆಯಾದನು. ದೂರವಾಣಿ ಕಂಪನಿಯಲ್ಲಿ ತನಗಿದ್ದ ಷೇರುಗಳಲ್ಲಿ ಹತ್ತನ್ನು ಮಾತ್ರ ಉಳಿಸಿಕೊಂಡು ಮಿಕ್ಕುದೆಲ್ಲವನ್ನೂ ಅವಳಿಗೆ ಉಡುಗೊರೆಯಾಗಿ ಕೊಟ್ಟನು.

ಹಗಲು ಪಾಠ, ರಾತ್ರಿ ಪ್ರಯೋಗ, ಇದು ಬಾಸ್ಟನ್ನಿನಲ್ಲಿ ಅವನ ದಿನಚರಿ. ಆಗ ತಂತಿಯ ಮೂಲಕ ಹೋಗುತ್ತಿದ್ದುದು ಟೆಲಿಗ್ರಾಫಿನ ಕಟ್ಟ-ಕಡ ಸದ್ದು ಮಾತ್ರ. ಮನುಷ್ಯನ ದನಿಯ ಏರಿಳಿತವನ್ನೇ ತಂತಿಯಲ್ಲಿ ಕಳುಹಿಸಲು ಸಾಧ್ಯವೆ ಎಂಬುದು ಬೆಲ್‌ನ ಚಿಂತೆ. 1874ರಲ್ಲಿ ಅವನು ವೈದ್ಯಮಿತ್ರನೊಬ್ಬನಿಂದ ಮೃತದೇಹದ ಕಿವಿಯನ್ನು ಪಡೆದು ಅದರ ಮುಂದೆ ಮಾತನಾಡಿ ಪರೀಕ್ಷಿಸಿದನು. ಕಾಗದದಷ್ಟು ತೆಳುವಾದ ಕಿವಿತಮಟೆ ತನಗಿಂತ ಎಷ್ಟೋ ಭಾರವಾದ ಮೂಳೆಗಳನ್ನು ಅಲುಗಿಸುತ್ತಿತ್ತು. ಹಾಗಾದರೆ ತೆಳುವಾದ ಪೊರೆಯೊಂದು ಕಬ್ಬಿಣದ ತುಣುಕನ್ನು ಏಕೆ ಅಲುಗಿಸಬಾರದು? ದೂರವಾಣಿಯ ಬೀಜ ಮೊಳೆತದ್ದು ಈ ಪ್ರಶ್ನೆಯಲ್ಲಿ.

1875ನೆಯ ಜೂನ್ 2ರಂದು ಅವನ ಸಹಾಯಕ ಥಾಮಸ್ ವಾಟ್ಸನ್ ಒಂದು ಕೋಣೆಯಲ್ಲಿ ಸಿಕ್ಕಿಕೊಂಡಿದ್ದ ಉಕ್ಕಿನ ಪಟ್ಟಿಯೊಂದನ್ನು ಮೀಟಿದನು. ಇನ್ನೊಂದು ಕೋಣೆಯಲ್ಲಿದ್ದ ಬೆಲ್‌ನಿಗೆ ಆ ಮೀಟಿನ ನಾದ ತಂತಿಯ ಮೂಲಕ ಅತಿ ಮೆಲ್ಲನೆ ಕೇಳಿಸಿತು. ಬೇರೆಯವರಾಗಿದ್ದರೆ ಅದನ್ನು ಗಮನಿಸುತ್ತಿದ್ದರೋ ಇಲ್ಲವೋ. ಬೆಲ್‌ನ ಕಿವಿ ಕ್ಷೀಣವಾದ ದನಿಗಳಿಗೆ ಪಳಗಿದ ಕಿವಿ. 1876ನೆಯ ಮಾರ್ಚ್ 7ರಂದು ಅವನಿಗೆ ಪೇಟೆಂಟ್ ದೊರೆಯಿತು. ಮೂರು ದಿನಗಳ ಬಳಿಕ, ಮಾರ್ಚ್ 10ರಂದು, ಬೆಲ್ ತನ್ನ ಬಳಿಗೆ ಬರಬೇಕೆಂದು ಯಂತ್ರದ ಮೂಲಕ ಕರೆದುದನ್ನು ವಾಟ್ಸನ್ ಪಕ್ಕದ ಕೋಣೆಯಲ್ಲಿ ಸ್ಪಷ್ಟವಾಗಿ ಕೇಳಿ ಓಡಿಬಂದನು. ಅದೇ ವರ್ಷ ಫಿಲಡೆಲ್ಫಿಯಾದ ಮಹಾಪ್ರದರ್ಶನದಲ್ಲಿ ಬ್ರೆಜಿಲ್ ದೇಶದ ಚಕ್ರವರ್ತಿ ಎರಡನೆಯ ಪೆದ್ರೊ ಆ ಯಂತ್ರವನ್ನು ಕಿವಿಗಿಟ್ಟು ವಿಸ್ಮಿತನಾದನು. ಕೀರ್ತಿಯೊಡನೆ ಕಲಹಗಳೂ ಬಂದವು. ಎಲಿಷಾ ಗ್ರೇ ಎಂಬ ಸಂಶೋಧಕನು ಬೆಲ್ ಅರ್ಜಿ ಸಲ್ಲಿಸಿದ ದಿನವೇ ಅಂಥದೇ ವಿಚಾರವನ್ನು ಪೇಟೆಂಟ್ ಕಚೇರಿಗೆ ಒಪ್ಪಿಸಿದ್ದನು. ನೂರಾರು ಮೊಕದ್ದಮೆಗಳು ನಡೆದು, ಕೊನೆಗೆ 1888ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಬೆಲ್‌ನ ಹಕ್ಕನ್ನು ಎತ್ತಿಹಿಡಿಯಿತು.

ವ್ಯಾಪಾರದ ಗೊಡವೆ ಬೆಲ್‌ನಿಗೆ ಹಿಡಿಸಲಿಲ್ಲ. 1880ರಲ್ಲಿ ಫ್ರಾನ್ಸ್ ಸರ್ಕಾರವು ದೂರವಾಣಿಗಾಗಿ ಅವನಿಗೆ ವೋಲ್ಟಾ ಪ್ರಶಸ್ತಿಯನ್ನೂ 50,000 ಫ್ರಾಂಕುಗಳನ್ನೂ ನೀಡಿತು. ಆ ಹಣದಿಂದ ಅವನು ವಾಷಿಂಗ್ಟನ್ ನಗರದಲ್ಲಿ ಒಂದು ಪ್ರಯೋಗಶಾಲೆಯನ್ನು ಕಟ್ಟಿ, ಚಾರ್ಲ್ಸ್ ಸಮ್ನರ್ ಟೇಂಟರ್ ಎಂಬ ಕುಶಲಿಯನ್ನು ಜೊತೆಗಾರನನ್ನಾಗಿ ಮಾಡಿಕೊಂಡನು. ಅಷ್ಟರಲ್ಲಾಗಲೇ ಅವನ ಮನಸ್ಸನ್ನು ಸೆಲಿನಿಯಂ ಎಂಬ ಧಾತು ಸೆಳೆದಿತ್ತು. ಸಮುದ್ರದಡಿಯ ಟೆಲಿಗ್ರಾಫ್ ತಂತಿಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದ ಇಂಗ್ಲೆಂಡಿನ ವಿಲೋಬಿ ಸ್ಮಿತ್ 1873ರಲ್ಲಿ ಈ ಧಾತುವಿನ ಒಂದು ವಿಚಿತ್ರ ಗುಣವನ್ನು ಪ್ರಕಟಿಸಿದ್ದನು. ಕತ್ತಲೆಯಲ್ಲಿ ಸೆಲಿನಿಯಂ ವಿದ್ಯುತ್ತನ್ನು ಬಹಳವಾಗಿ ತಡೆಯುತ್ತದೆ. ಬೆಳಕು ಬಿದ್ದರೆ ಆ ತಡೆ ಕಡಿಮೆಯಾಗುತ್ತದೆ. ಬೆಳಕು ಹೆಚ್ಚಿದರೆ ವಿದ್ಯುತ್ತೂ ಹೆಚ್ಚು, ಬೆಳಕು ಕುಗ್ಗಿದರೆ ವಿದ್ಯುತ್ತೂ ಕಡಿಮೆ. ದನಿಗೆ ತಕ್ಕಂತೆ ಬೆಳಕನ್ನು ಹೆಚ್ಚು ಕಡಿಮೆ ಮಾಡಿದರೆ, ಆ ಬೆಳಕಿಗೆ ತಕ್ಕಂತೆ ವಿದ್ಯುತ್ತು ಹೆಚ್ಚು ಕಡಿಮೆಯಾಗಿ, ದೂರವಾಣಿಯ ಕಿವಿಗೊಳವೆಯಲ್ಲಿ ಅದೇ ದನಿ ಮತ್ತೆ ಹುಟ್ಟಬೇಕಲ್ಲವೆ? ಇದೇ ಬೆಲ್‌ನ ಯೋಚನೆ.

ಯಂತ್ರದ ರಚನೆ ಸರಳವಾಗಿತ್ತು. ಮಾತನಾಡುವ ಕಡೆಯಲ್ಲಿ ಬೆಳ್ಳಿಯ ಲೇಪವುಳ್ಳ ಬಹು ತೆಳುವಾದ ಕನ್ನಡಿ. ಅದರ ಮುಂಬದಿಗೆ ಸೂರ್ಯನ ಬೆಳಕನ್ನು ಹಾಯಿಸಿ, ಹಿಂಬದಿಯಿಂದ ಮಾತನಾಡಬೇಕು. ದನಿಯ ಒತ್ತಡಕ್ಕೆ ಕನ್ನಡಿ ಒಮ್ಮೆ ಉಬ್ಬುತ್ತದೆ, ಒಮ್ಮೆ ತಗ್ಗುತ್ತದೆ. ಆಗ ಅದರಿಂದ ಹೊರಟ ಬೆಳಕಿನ ಕಿರಣ ಒಮ್ಮೆ ಚದುರಿ, ಒಮ್ಮೆ ಒಟ್ಟುಗೂಡಿ ಮುಂದೆ ಸಾಗುತ್ತದೆ. ಕೇಳುವ ಕಡೆಯಲ್ಲಿ ದೊಡ್ಡ ಬೋಗುಣಿಯಂಥ ಕನ್ನಡಿಯೊಂದು ಆ ಬೆಳಕನ್ನು ಒಂದೆಡೆಗೆ ಕೂಡಿಸುತ್ತದೆ. ಅಲ್ಲಿ ಸೆಲಿನಿಯಂ ಕೋಶ. ಅದಕ್ಕೆ ಜೋಡಿಸಿದ ಬ್ಯಾಟರಿ ಮತ್ತು ಕಿವಿಗೊಳವೆ. ಕಷ್ಟವೆಲ್ಲ ಈ ಕೋಶದಲ್ಲಿಯೇ ಇತ್ತು. ಸೆಲಿನಿಯಂನ ತಡೆ ವಿಪರೀತವಾಗಿದ್ದುದರಿಂದ ಹರಿಯುವ ವಿದ್ಯುತ್ತು ಕಿವಿಗೊಳವೆಯನ್ನು ಅಲುಗಿಸಲು ಸಾಲದಾಗಿತ್ತು. ಬೆಲ್ ಮತ್ತು ಟೇಂಟರ್ ಹಿತ್ತಾಳೆಯ ಬಿಲ್ಲೆಗಳನ್ನೂ ಅಭ್ರಕದ ಬಿಲ್ಲೆಗಳನ್ನೂ ಒಂದರ ಮೇಲೊಂದರಂತೆ ಪೇರಿಸಿ, ಅಂಚಿನ ಸಂದುಗಳಲ್ಲಿ ಸೆಲಿನಿಯಂ ಅನ್ನು ಕರಗಿಸಿ ತುಂಬಿದರು. ವಿದ್ಯುತ್ತು ದಾಟಬೇಕಾದ ಸಂದು ಕಿರಿದಾಯಿತು, ಬೆಳಕು ಬೀಳುವ ಹರವು ದೊಡ್ಡದಾಯಿತು. ಕೋಶದ ತಡೆ ಕತ್ತಲಲ್ಲಿ ಸುಮಾರು 300 ಓಮ್, ಬೆಳಕಿನಲ್ಲಿ ಸುಮಾರು 155 ಓಮ್‌ಗೆ ಇಳಿಯಿತು. ಬೆಳಕಿನ ಸುದ್ದಿಯನ್ನು ಬರಮಾಡಿಕೊಳ್ಳುವ ಗ್ರಾಹಕಯಂತ್ರವನ್ನು ಸುಧಾರಿಸಲು ಜಗತ್ತಿನಲ್ಲಿ ನಡೆದ ಮೊದಮೊದಲ ಯತ್ನಗಳಲ್ಲಿ ಇದೂ ಒಂದು.

1880ರ ಫೆಬ್ರವರಿ ತಿಂಗಳಲ್ಲಿ ಬೆಲ್‌ನ ಮನೆಯಲ್ಲಿ ಎರಡು ಹಬ್ಬಗಳು. 15ರಂದು ಎರಡನೆಯ ಮಗಳು ಹುಟ್ಟಿದಳು. 19ರಂದು ಪ್ರಯೋಗಶಾಲೆಯಲ್ಲಿ ಬೆಳಕು ಮೊದಲ ಬಾರಿಗೆ ಮಾತನಾಡಿತು. ಸಂತೋಷದ ಭರದಲ್ಲಿ ಅವನು ಮಗುವಿಗೆ ಫೋಟೋಫೋನ್ ಎಂದೇ ಹೆಸರಿಡಲು ಹೊರಟನಂತೆ. ಮೇಬಲ್ ಒಪ್ಪಲಿಲ್ಲವಾದ್ದರಿಂದ ಮಗು ಮೇರಿಯನ್ ಆಗಿ ಬೆಳೆಯಿತು. ಅದೇ ವರ್ಷ ಟೇಂಟರ್ ವಾಷಿಂಗ್ಟನ್ನಿನ ಫ್ರಾಂಕ್ಲಿನ್ ಶಾಲೆಯ ಮಾಳಿಗೆಯ ಮೇಲೆ ನಿಂತು ಮಾತನಾಡಿದನು. ಸುಮಾರು 213 ಮೀಟರ್ ದೂರದಲ್ಲಿ, ಪ್ರಯೋಗಶಾಲೆಯ ಕಿಟಕಿಯಲ್ಲಿ ಕಿವಿಗೊಳವೆ ಹಿಡಿದು ಕುಳಿತಿದ್ದ ಬೆಲ್‌ನಿಗೆ ಅದು ಕೇಳಿಸಿತು. ಕೇಳಿಸಿದರೆ ಟೋಪಿಯನ್ನು ಬೀಸಬೇಕೆಂದು ಟೇಂಟರ್ ಬೆಳಕಿನ ಮೂಲಕ ಹೇಳಿದ್ದನು. ಬೆಲ್ ಕಿಟಕಿಯ ಬಳಿ ನಿಂತು ಟೋಪಿಯನ್ನು ಬೀಸಿದನು. ಮಾರ್ಕೋನಿಯ ರೇಡಿಯೋ ಇನ್ನೂ ಹುಟ್ಟದಿದ್ದ ಕಾಲದಲ್ಲಿ, ತಂತಿಯ ಹಂಗಿಲ್ಲದೆ ಮನುಷ್ಯನ ಮಾತು ಹೀಗೆ ಬೀದಿಯನ್ನು ದಾಟಿತು.

ಆಗಸ್ಟ್ ತಿಂಗಳಲ್ಲಿ ಬಾಸ್ಟನ್ನಿನ ವಿಜ್ಞಾನ ಸಮ್ಮೇಳನದಲ್ಲಿ ಬೆಲ್ ತನ್ನ ಪ್ರಯೋಗವನ್ನು ವಿವರಿಸಿದನು. ಡಿಸೆಂಬರಿನಲ್ಲಿ ಪೇಟೆಂಟ್ ಬಂದಿತು. ಆದರೆ ಬಳಕೆಗೆ ಯಂತ್ರ ಒದಗಲಿಲ್ಲ. ಮೋಡ ಮುಚ್ಚಿದರೆ ಮಾತು ನಿಲ್ಲುತ್ತಿತ್ತು. ಮಂಜು, ಮಳೆ, ಅಡ್ಡ ಬಂದ ಮರ, ಯಾವುದಾದರೂ ಅದನ್ನು ಕೆಡಿಸಬಹುದಾಗಿತ್ತು. ಇವೆಲ್ಲಕ್ಕಿಂತ ಮೂಲವಾದ ತೊಡಕು ಮತ್ತೊಂದಿತ್ತು. ದೂರ ಹೆಚ್ಚಿದಂತೆ ಬೆಳಕು ಹರಡಿ ಕ್ಷೀಣಿಸುತ್ತಿತ್ತು. ಕ್ಷೀಣಿಸಿದ ಬೆಳಕಿನಿಂದ ಹುಟ್ಟಿದ ವಿದ್ಯುತ್ತೂ ಕ್ಷೀಣ. ಅದನ್ನು ಹಿಗ್ಗಿಸಿ ಬಲಪಡಿಸುವ ಉಪಾಯ, ಎಂದರೆ ನಾವು ವರ್ಧಕ ಎಂದು ಕರೆಯುವ ಸಾಧನ, ಆ ಕಾಲದಲ್ಲಿ ಭೂಮಿಯ ಮೇಲೆ ಎಲ್ಲಿಯೂ ಇರಲಿಲ್ಲ. ಬಂದಷ್ಟೇ ಬಲದಿಂದ ಕಿವಿಗೊಳವೆಯನ್ನು ಅಲುಗಿಸಬೇಕಾಗಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಅರ್ನ್ಸ್ಟ್ ರೂಮರ್ ಇನ್ನೂ ಉತ್ತಮವಾದ ಕೋಶ ಮತ್ತು ಪ್ರಖರವಾದ ದೀಪಗಳಿಂದ ಹಲವು ಕಿಲೋಮೀಟರ್ ದೂರಕ್ಕೆ ಮಾತನ್ನು ಕಳುಹಿಸಿದನಾದರೂ ಅಷ್ಟರಲ್ಲಿ ರೇಡಿಯೋ ಮುಂದೆ ಬಂದುಬಿಟ್ಟಿತ್ತು.

ಕ್ಷೀಣವಾದ ಸಂಜ್ಞೆಯನ್ನು ಹಿಡಿಯುವ ಹಂಬಲ ಬೆಲ್‌ನನ್ನು ಬಿಡಲಿಲ್ಲ. 1881ರ ಜುಲೈನಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್‌ನಿಗೆ ಕೊಲೆಗಡುಕನೊಬ್ಬನು ಗುಂಡು ಹೊಡೆದನು. ದೇಹದೊಳಗೆ ಅಡಗಿದ್ದ ಗುಂಡನ್ನು ವೈದ್ಯರು ಕಾಣದಾದರು. ಬೆಲ್ ಲೋಹವನ್ನು ಸಮೀಪಿಸಿದಾಗ ಕಿವಿಗೊಳವೆಯಲ್ಲಿ ಸದ್ದು ಹುಟ್ಟಿಸುವ ಉಪಕರಣವೊಂದನ್ನು ಹಗಲಿರುಳು ದುಡಿದು ಸಿದ್ಧಪಡಿಸಿದನು. ಆದರೆ ಅಧ್ಯಕ್ಷನ ಹಾಸಿಗೆಯಲ್ಲಿದ್ದ ಉಕ್ಕಿನ ಸುರುಳಿಗಳು ಉಪಕರಣವನ್ನು ದಾರಿತಪ್ಪಿಸಿದವು. ವೈದ್ಯರು ಗುಂಡು ಬಲಭಾಗದಲ್ಲಿದೆಯೆಂದು ನಂಬಿ ಅಲ್ಲಿ ಮಾತ್ರ ಹುಡುಕಲು ಬಿಟ್ಟರು. ಸೆಪ್ಟೆಂಬರಿನಲ್ಲಿ ಅಧ್ಯಕ್ಷನು ತೀರಿಕೊಂಡನು. ಆ ನಡುವೆ ಆಗಸ್ಟಿನಲ್ಲಿ ಬೆಲ್‌ನಿಗೆ ಹುಟ್ಟಿದ ಗಂಡುಮಗು ಉಸಿರಾಡಲಾರದೆ ಕೆಲವೇ ಗಂಟೆಗಳಲ್ಲಿ ಕಣ್ಮುಚ್ಚಿತು. ಆ ದುಃಖದಿಂದ ಅವನು ಉಸಿರಾಟಕ್ಕೆ ನೆರವಾಗುವ ಲೋಹದ ಕವಚವೊಂದನ್ನು ರಚಿಸಿದನು. ಬಳಿಕ ಧ್ವನಿಮುದ್ರಣದ ಗ್ರಾಫೋಫೋನ್, ವಿಮಾನ, ನೀರಿನ ಮೇಲೆ ಎದ್ದು ಓಡುವ ದೋಣಿ ಹೀಗೆ ಅವನ ಆಸಕ್ತಿ ಹಲವು ಕಡೆ ಹರಿಯಿತು. 1919ರಲ್ಲಿ ಅವನ ದೋಣಿ ಗಂಟೆಗೆ 70 ಮೈಲಿಗೂ ಹೆಚ್ಚು ವೇಗದಲ್ಲಿ ಓಡಿ ಅಂದಿನ ವಿಶ್ವದಾಖಲೆಯನ್ನು ಸ್ಥಾಪಿಸಿತು.

ಇಷ್ಟೆಲ್ಲ ಸಾಧಿಸಿದರೂ ಬೆಲ್ ತನ್ನನ್ನು ಮುಖ್ಯವಾಗಿ ಕಿವಿ ಕೇಳದವರ ಉಪಾಧ್ಯಾಯನೆಂದೇ ಎಣಿಸಿದ್ದನು. ಕಣ್ಣೂ ಕಿವಿಯೂ ಇಲ್ಲದ ಬಾಲೆ ಹೆಲನ್ ಕೆಲರಳ ತಂದೆ ಸಲಹೆ ಬೇಡಿ ಬಂದಾಗ ದಾರಿ ತೋರಿದವನು ಅವನೇ. ಮುಂದೆ ಹೆಲನ್ ತನ್ನ ಆತ್ಮಕಥೆಯನ್ನು ಅವನಿಗೆ ಅರ್ಪಿಸಿದಳು. ಆದರೆ ಈ ಕ್ಷೇತ್ರದಲ್ಲಿ ಅವನು ಹಿಡಿದ ಹಾದಿ ವಿವಾದಕ್ಕೆ ಹೊರತಾಗಿರಲಿಲ್ಲ. ಶ್ರವಣದೋಷವುಳ್ಳ ಮಕ್ಕಳು ಬಾಯಿಮಾತನ್ನೇ ಕಲಿಯಬೇಕು, ಕೈಸನ್ನೆಯ ಭಾಷೆಯನ್ನು ಶಾಲೆಯಿಂದ ದೂರವಿಡಬೇಕು ಎಂಬುದು ಅವನ ಹಟ. ಅಂಥವರು ತಮ್ಮತಮ್ಮಲ್ಲೇ ಮದುವೆಯಾಗುವುದನ್ನೂ ಅವನು ಆಕ್ಷೇಪಿಸಿದನು. ಸನ್ನೆಭಾಷೆಗೆ ತನ್ನದೇ ವ್ಯಾಕರಣವುಂಟು, ಅದು ಪೂರ್ಣವಾದ ಭಾಷೆ ಎಂದು ಇಂದು ವಿದ್ವಾಂಸರು ಒಪ್ಪಿದ್ದಾರೆ. ಅದನ್ನು ಕಳೆದುಕೊಂಡ ಮಕ್ಕಳಿಗೆ ಆದ ನಷ್ಟವನ್ನು ಆ ಸಮುದಾಯದವರು ಇಂದಿಗೂ ನೋವಿನಿಂದ ನೆನೆಯುತ್ತಾರೆ. ಅತಿ ಸೂಕ್ಷ್ಮವಾದ ಸದ್ದನ್ನೂ ಬಿಡದೆ ಆಲಿಸಿದವನು ತಾನು ಪ್ರೀತಿಸಿದ ಜನರ ಕೈಗಳು ಹೇಳುತ್ತಿದ್ದುದನ್ನು ಆಲಿಸದೆಹೋದನು. ಮಹಾಪುರುಷರ ಚರಿತ್ರೆಯನ್ನು ಓದುವಾಗ ಅವರ ಬೆಳಕಿನೊಡನೆ ಇಂಥ ನೆರಳನ್ನೂ ನಾವು ಗಮನಿಸಬೇಕು.

ಈ ನಡುವೆ, ಫೋಟೋಫೋನಿಗೆ ಇಲ್ಲದಿದ್ದ ಆ ಒಂದು ಸಾಧನ ಬೇರೊಬ್ಬರ ಕೈಯಲ್ಲಿ ಹುಟ್ಟಿತ್ತು. 1906ರಲ್ಲಿ ಲೀ ಡಿ ಫಾರೆಸ್ಟ್ ಎಂಬ ಅಮೆರಿಕದ ಸಂಶೋಧಕನು ಗಾಜಿನ ಬುರುಡೆಯೊಳಗೆ ಮೂರು ಲೋಹಭಾಗಗಳನ್ನಿಟ್ಟ ವಾಲ್ವನ್ನು ನಿರ್ಮಿಸಿದನು. ನಡುವಣ ಜಾಲರಿಗೆ ಕೊಟ್ಟ ಅಲ್ಪ ವಿದ್ಯುತ್ ಒತ್ತಡವು ಬುರುಡೆಯೊಳಗೆ ಹರಿಯುವ ದೊಡ್ಡ ವಿದ್ಯುತ್ತನ್ನು ಹತೋಟಿಯಲ್ಲಿಡುತ್ತಿತ್ತು. ತೂಬಿನ ಬಾಗಿಲನ್ನು ಎತ್ತುವ ಒಂದು ಕೈಯ ಬಲದಿಂದ ಇಡೀ ಕೆರೆಯ ನೀರನ್ನು ಹರಿಸುವ ಅಥವಾ ನಿಲ್ಲಿಸುವಂತೆ ಇದು. ದೂರವಾಣಿ ಕಂಪನಿಯ ವಿಜ್ಞಾನಿಗಳು ಆ ವಾಲ್ವನ್ನು ಸುಧಾರಿಸಿ, ದೂರದ ತಂತಿಗಳಲ್ಲಿ ಸೋತ ದನಿಯನ್ನು ಮತ್ತೆ ಬಲಪಡಿಸಲು ಬಳಸಿಕೊಂಡರು. 1915ನೆಯ ಜನವರಿ 25ರಂದು ಅಮೆರಿಕದ ಪೂರ್ವ ಪಶ್ಚಿಮ ತೀರಗಳನ್ನು ಜೋಡಿಸಿದ ದೂರವಾಣಿ ಮಾರ್ಗದ ಪ್ರಾರಂಭೋತ್ಸವ ನಡೆಯಿತು. ನ್ಯೂಯಾರ್ಕಿನಲ್ಲಿ ಕುಳಿತಿದ್ದ 67 ವರ್ಷದ ಬೆಲ್, 1876ರಲ್ಲಿ ಕರೆದಂತೆಯೇ ವಾಟ್ಸನ್‌ನನ್ನು ತನ್ನ ಬಳಿಗೆ ಕರೆದನು. 4,000 ಕಿಲೋಮೀಟರ್‌ಗೂ ಆಚೆ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿದ್ದ ವಾಟ್ಸನ್ ಅದನ್ನು ಕೇಳಿ, ಈಗ ಬರಬೇಕಾದರೆ ಒಂದು ವಾರವಾದರೂ ಬೇಕೆಂದು ನಗೆಯಾಡಿದನು. ಕ್ಷೀಣವಾದ ದನಿಗೆ ವರ್ಧಕವು ಏನನ್ನು ಮಾಡಿಕೊಡಬಲ್ಲದೆಂಬುದನ್ನು ಬೆಲ್ ಹೀಗೆ ಕಿವಿಯಾರೆ ಕೇಳಿದನು. ಫೋಟೋಫೋನಿನ ವೇಳೆಗೆ ಅದು ಸಿಕ್ಕಿರಲಿಲ್ಲ.

1922ನೆಯ ಆಗಸ್ಟ್ 2ರಂದು ಕೆನಡಾದ ಬ್ಯಾಡೆಕ್ ಊರಿನ ಬಳಿಯ ತನ್ನ ಮನೆಯಲ್ಲಿ ಬೆಲ್ ನಿಧನನಾದನು. ಅಂತ್ಯಕ್ರಿಯೆಯ ಸಮಯದಲ್ಲಿ ಉತ್ತರ ಅಮೆರಿಕದ ದೂರವಾಣಿಗಳೆಲ್ಲವೂ ಒಂದು ನಿಮಿಷ ಮೌನವಾದವು.

ಅವನ ಮಾತನ್ನು ಬೆಳಕಿನ ಮೇಲೆ ಮತ್ತೆ ಕೂರಿಸಲು ಇನ್ನೂ ಎರಡು ಮೆಟ್ಟಿಲುಗಳನ್ನು ಏರಬೇಕಾಗಿತ್ತು. ಮೊದಲನೆಯದು ವರ್ಧಕದ ದೋಷವನ್ನು ತಿದ್ದುವುದು. ವರ್ಧಕವು ದನಿಯನ್ನು ಹಿಗ್ಗಿಸುವಾಗ ಅದನ್ನು ಸ್ವಲ್ಪ ವಿಕಾರಗೊಳಿಸುತ್ತಿತ್ತು. ಸಾಲಾಗಿ ಹತ್ತಾರು ವರ್ಧಕಗಳನ್ನು ದಾಟಿದ ಮಾತು ಗುರುತು ಸಿಗದಂತೆ ಕೆಡುತ್ತಿತ್ತು. ಬೆಲ್‌ನ ಹೆಸರನ್ನೇ ಹೊತ್ತ ಬೆಲ್ ಪ್ರಯೋಗಶಾಲೆಯ ತರುಣ ಎಂಜಿನಿಯರ್ ಹೆರಾಲ್ಡ್ ಬ್ಲ್ಯಾಕ್ ಈ ಸಮಸ್ಯೆಯಲ್ಲಿ ವರ್ಷಗಟ್ಟಲೆ ತೊಳಲಿದನು. 1927ನೆಯ ಆಗಸ್ಟ್ 2ರಂದು, ಎಂದರೆ ಬೆಲ್ ತೀರಿಕೊಂಡು ಸರಿಯಾಗಿ ಐದು ವರ್ಷಗಳಾದ ದಿನ, ಹಡ್ಸನ್ ನದಿಯನ್ನು ದೋಣಿಯಲ್ಲಿ ದಾಟಿ ಕೆಲಸಕ್ಕೆ ಹೋಗುವಾಗ ಅವನಿಗೆ ಉತ್ತರ ಹೊಳೆಯಿತು. ಕೈಯಲ್ಲಿದ್ದ ದಿನಪತ್ರಿಕೆಯ ಹಾಳೆಯ ಮೇಲೆಯೇ ಅದನ್ನು ಬರೆದಿಟ್ಟನು. ವರ್ಧಕದಿಂದ ಹೊರಬಂದುದರಲ್ಲಿ ಒಂದು ಪಾಲನ್ನು ತಿರುಗುಮುರುಗು ಮಾಡಿ ಮತ್ತೆ ಒಳಕ್ಕೆ ಕಳುಹಿಸುವುದು. ಆಗ ವರ್ಧಕವು ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ. ಇದನ್ನು ಋಣ ಫೀಡ್‌ಬ್ಯಾಕ್ ಎನ್ನುತ್ತಾರೆ. ಗಳಿಸಿದ ಬಲವನ್ನು ಬೇಕೆಂದೇ ಕಳೆದುಕೊಳ್ಳುವ ಈ ಕ್ರಮವನ್ನು ಹಲವರು ನಂಬಲಿಲ್ಲ. 1928ರಲ್ಲಿ ಸಲ್ಲಿಸಿದ ಅರ್ಜಿಗೆ ಪೇಟೆಂಟ್ ದೊರೆತದ್ದು 1937ರಲ್ಲಿ.

ಎರಡನೆಯ ಮೆಟ್ಟಿಲು ಬೆಳಕಿಗೆ ತಕ್ಕ ದಾರಿಯನ್ನು ಒದಗಿಸುವುದು. 1960ರಲ್ಲಿ ಥಿಯೋಡರ್ ಮೈಮನ್ ಲೇಸರ್ ಬೆಳಕನ್ನು ಹೊರಡಿಸಿದನು. 1966ರಲ್ಲಿ ಚಾರ್ಲ್ಸ್ ಕಾವೊ ಮತ್ತು ಜಾರ್ಜ್ ಹಾಕ್‌ಹ್ಯಾಮ್ ಎಂಬ ವಿಜ್ಞಾನಿಗಳು, ಗಾಜನ್ನು ಸಾಕಷ್ಟು ಶುದ್ಧಗೊಳಿಸಿದರೆ ಕೂದಲೆಳೆಯಂಥ ಗಾಜಿನ ತಂತುವಿನಲ್ಲಿ ಬೆಳಕನ್ನು ಬಹುದೂರ ಒಯ್ಯಬಹುದೆಂದು ತೋರಿಸಿದರು. 1970ರಲ್ಲಿ ಅಮೆರಿಕದ ಕಾರ್ನಿಂಗ್ ಗಾಜಿನ ಕಂಪನಿಯ ವಿಜ್ಞಾನಿಗಳು, ಒಂದು ಕಿಲೋಮೀಟರ್ ಸಾಗಿದ ಮೇಲೂ ನೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಬೆಳಕು ಉಳಿಯುವಂಥ ತಂತುವನ್ನು ತಯಾರಿಸಿದರು. ಮೋಡ ಮಂಜುಗಳ ಕಾಟ ಅಲ್ಲಿಗೆ ತಪ್ಪಿತು. 1988ರಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿಯೂ ಇಂಥ ತಂತು ಹಾಸಿಕೊಂಡಿತು.

ಇನ್ನು ತಂತುವಿನ ಕೊನೆಯಲ್ಲಿರುವ ಗ್ರಾಹಕವನ್ನು ನೋಡೋಣ. ಸೆಲಿನಿಯಂನ ಜಾಗದಲ್ಲಿ ಇಂದು ಫೋಟೋಡಯೋಡ್ ಎಂಬ ಅರೆವಾಹಕದ ಕಣವಿದೆ. ಸೆಲಿನಿಯಂ ಬೆಳಕಿನ ಬದಲಾವಣೆಗೆ ನಿಧಾನವಾಗಿ ಓಗೊಡುತ್ತಿತ್ತು. ಇದು ಕ್ಷಣಾರ್ಧಕ್ಕಿಂತ ಎಷ್ಟೋ ಬೇಗ ಓಗೊಡುತ್ತದೆ. ಆದರೆ ಇದರಿಂದ ಹರಿಯುವ ವಿದ್ಯುತ್ತು ಕೂಡ ಬಹು ಅಲ್ಪ, ಆಂಪಿಯರಿನ ಹತ್ತು ಲಕ್ಷದಲ್ಲಿ ಕೆಲವೇ ಪಾಲುಗಳಷ್ಟು. ಅದನ್ನು ಅಳೆಯಬಹುದಾದ ಒತ್ತಡವನ್ನಾಗಿ ಮಾರ್ಪಡಿಸುವ ಮೊದಲನೆಯ ವರ್ಧಕವೇ ಗ್ರಾಹಕದ ಜೀವಾಳ.

ಅದರ ಕಷ್ಟವನ್ನು ಒಂದು ಹೋಲಿಕೆಯಿಂದ ತಿಳಿಯಬಹುದು. ಗಡಿಗೆಯೊಂದಕ್ಕೆ ಸಣ್ಣ ಧಾರೆಯಾಗಿ ನೀರು ಬೀಳುತ್ತಿದೆ. ತಳದಲ್ಲಿ ಒಂದು ತೂತಿದೆ. ನೀರಿನ ಮಟ್ಟವನ್ನು ನೋಡಿ ಧಾರೆ ಬಂದಿತೆ ನಿಂತಿತೆ ಎಂದು ನಾವು ಹೇಳಬೇಕು. ತೂತು ಕಿರಿದಾಗಿದ್ದರೆ ಅಲ್ಪ ಧಾರೆಗೂ ಮಟ್ಟ ಎತ್ತರಕ್ಕೆ ಏರಿ ಚೆನ್ನಾಗಿ ಕಾಣುತ್ತದೆ. ಆದರೆ ಧಾರೆ ನಿಂತ ಮೇಲೂ ಗಡಿಗೆ ಬರಿದಾಗಲು ಬಹಳ ಹೊತ್ತು ಬೇಕು. ಅಷ್ಟರಲ್ಲಿ ಮುಂದಿನ ಧಾರೆ ಬಂದು ಎರಡೂ ಬೆರೆತುಹೋಗುತ್ತವೆ. ತೂತು ಅಗಲವಾಗಿದ್ದರೆ ಗಡಿಗೆ ಬೇಗ ಬರಿದಾಗುತ್ತದೆ. ಆದರೆ ಮಟ್ಟ ಏರುವುದೇ ಕಡಿಮೆಯಾದ್ದರಿಂದ, ನೀರಿನ ಮೇಲೆ ಸದಾ ಇರುವ ಸಣ್ಣ ಅಲೆಗಳ ನಡುವೆ ಆ ಏರಿಕೆ ಕಾಣದೆಹೋಗುತ್ತದೆ. ಇಲ್ಲಿ ತೂತಿನ ಕಿರಿತನವೇ ವಿದ್ಯುತ್ತಿಗಿರುವ ತಡೆ; ಗಡಿಗೆಯ ಗಾತ್ರವೇ ಫೋಟೋಡಯೋಡಿನಲ್ಲಿ ವಿದ್ಯುದಂಶ ತುಂಬಿಕೊಳ್ಳುವ ಜಾಗ; ಸಣ್ಣ ಅಲೆಗಳೇ ಎಲ್ಲ ವಿದ್ಯುನ್ಮಂಡಲಗಳಲ್ಲಿಯೂ ಇದ್ದೇ ಇರುವ ಗದ್ದಲ. ವೇಗ ಬೇಕೆಂದರೆ ಸ್ಪಷ್ಟತೆ ಹೋಗುತ್ತದೆ, ಸ್ಪಷ್ಟತೆ ಬೇಕೆಂದರೆ ವೇಗ ಹೋಗುತ್ತದೆ.

ಈ ಬಿಕ್ಕಟ್ಟಿಗೆ ಬ್ಲ್ಯಾಕ್‌ನ ಫೀಡ್‌ಬ್ಯಾಕೇ ಪರಿಹಾರವಾಯಿತು. ಗಡಿಗೆಯ ಬಳಿ ಎಚ್ಚರದ ಆಳೊಬ್ಬನನ್ನು ನಿಲ್ಲಿಸಿ, ನೀರು ಬೀಳುತ್ತಿರುವಂತೆಯೇ ಅಷ್ಟನ್ನೂ ಮೊಗೆದು ತೆಗೆಯಲು ಹೇಳಿದೆವೆಂದು ಭಾವಿಸೋಣ. ಗಡಿಗೆಯ ಮಟ್ಟ ಬಹುಮಟ್ಟಿಗೆ ಇದ್ದಲ್ಲಿಯೇ ಇರುತ್ತದೆ. ಅದು ತುಂಬುವ, ಬರಿದಾಗುವ ಹೊತ್ತು ವ್ಯರ್ಥವಾಗುವುದಿಲ್ಲ. ಬಂದ ನೀರೆಷ್ಟೆಂಬುದು ಆಳು ಮೊಗೆದ ಲೆಕ್ಕದಿಂದಲೇ ತಿಳಿಯುತ್ತದೆ. ಇಂದಿನ ಬೆಳಕಿನ ಗ್ರಾಹಕಗಳಲ್ಲಿ ವರ್ಧಕ ಮಾಡುವ ಕೆಲಸ ಇದೇ. ತಡೆಯನ್ನು ಹೆಚ್ಚಾಗಿ ಇಟ್ಟುಕೊಂಡು ಸ್ಪಷ್ಟತೆಯನ್ನು ಪಡೆಯುತ್ತದೆ. ಆ ತಡೆಯನ್ನು ಫೀಡ್‌ಬ್ಯಾಕಿನ ದಾರಿಯಲ್ಲಿ ಇರಿಸಿ ವೇಗವನ್ನೂ ಪಡೆಯುತ್ತದೆ. ಆದರೆ ಆಳು ಚುರುಕಾಗಿರಬೇಕು. ಅವನು ತಡವಾಗಿ ಮೊಗೆದರೆ ಮಟ್ಟ ಒಮ್ಮೆ ಏರಿ ಒಮ್ಮೆ ಇಳಿದು ತೂಗಾಡತೊಡಗುತ್ತದೆ. ವರ್ಧಕದೊಳಗೆ ತಡವಾದರೂ ಹಾಗೆಯೇ. ಸಭೆಗಳಲ್ಲಿ ಧ್ವನಿವರ್ಧಕದ ಸದ್ದು ಮತ್ತೆ ಮೈಕಿಗೆ ಬಿದ್ದು ಕೀರಲು ಕೂಗು ಏಳುವುದನ್ನು ನಾವು ಕೇಳಿದ್ದೇವೆ. ಸಮಯ ತಪ್ಪಿದ ಫೀಡ್‌ಬ್ಯಾಕ್ ಅದೇ ರೀತಿ ಕೂಗುತ್ತದೆ.

ಈ ಚುರುಕು ಎಷ್ಟಿರಬೇಕೆಂಬುದನ್ನು ಗಮನಿಸೋಣ. ಒಂದು ಸೆಕೆಂಡಿಗೆ 1000 ಕೋಟಿ ಸಂಜ್ಞೆಗಳನ್ನು ಒಯ್ಯುವ ತಂತು ಇಂದು ಸಾಮಾನ್ಯ. ಅಲ್ಲಿ ಒಂದು ಸಂಜ್ಞೆಗೆ ದೊರೆಯುವ ಕಾಲದಲ್ಲಿ ಬೆಳಕು ಬಯಲಿನಲ್ಲಿ ಕೇವಲ 3 ಸೆಂಟಿಮೀಟರ್ ಸಾಗಬಲ್ಲದು. ಅಷ್ಟರೊಳಗೆ ವರ್ಧಕವು ಬೆಳಕು ಬಂದಿತೆ ಇಲ್ಲವೆ ಎಂಬುದನ್ನು ಗುರುತಿಸಿ, ಮುಂದಿನದಕ್ಕೆ ಸಿದ್ಧವಾಗಬೇಕು. ಆದುದರಿಂದ ಫೋಟೋಡಯೋಡನ್ನೂ ವರ್ಧಕವನ್ನೂ ಒಂದಕ್ಕೊಂದು ಅಂಟಿಕೊಂಡಂತೆ ಇರಿಸುತ್ತಾರೆ. ನಡುವಣ ತಂತಿ ಒಂದು ಕೂದಲಿನಷ್ಟು ಉದ್ದವಾದರೂ ಎಂಜಿನಿಯರನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ನಮ್ಮ ನಾಡಿನ ಗ್ರಾಮ ಪಂಚಾಯಿತಿ ಕಚೇರಿಗಳಿಗೂ ಇಂದು ಗಾಜಿನ ತಂತು ಬಂದಿದೆ. ದೂರದೂರಿನಲ್ಲಿರುವ ಮಗನ ದನಿ ಹಳ್ಳಿಯ ತಾಯಿಯ ಕಿವಿಯನ್ನು ತಲುಪುವಾಗ ಹಾದಿಯಲ್ಲಿ ಎಲ್ಲಿಯಾದರೂ ಅದು ಬೆಳಕಾಗಿ ಹರಿದಿರುತ್ತದೆ. ಎಲ್ಲಿಯಾದರೂ ಒಂದು ಪುಟ್ಟ ವರ್ಧಕ ಆ ಬೆಳಕಿಗೆ ಕಿವಿಗೊಟ್ಟಿರುತ್ತದೆ. ಬೆಲ್ ಕಂಡುಕೊಂಡ ತತ್ತ್ವ ಸುಳ್ಳಾಗಿರಲಿಲ್ಲ. ಅದಕ್ಕೆ ಬೇಕಾದ ಜೊತೆಗಾರರು ಆಗಿನ್ನೂ ಹುಟ್ಟಿರಲಿಲ್ಲ, ಅಷ್ಟೆ. ಒಬ್ಬನು ಅರ್ಧ ದಾರಿಗೆ ತಂದು ನಿಲ್ಲಿಸಿದುದನ್ನು ಮತ್ತೊಬ್ಬನು, ಎಷ್ಟೋ ವರ್ಷಗಳ ಮೇಲೆ, ಅವನ ಮುಖವನ್ನೂ ಕಾಣದೆ ಮುಂದಕ್ಕೆ ಒಯ್ಯುತ್ತಾನೆ. ವಿಜ್ಞಾನ ಬೆಳೆಯುವುದು ಹೀಗೆ. ತಾಯಿಯ ಹಣೆಗೆ ಬಾಯಿಟ್ಟು ಮೆಲ್ಲನೆ ನುಡಿಯುತ್ತಿದ್ದ ಆ ಹುಡುಗನಿಗೆ ಗೊತ್ತಿದ್ದ ಸತ್ಯವನ್ನೇ ಇಂದಿನ ಎಂಜಿನಿಯರನೂ ನಂಬಿ ದುಡಿಯುತ್ತಿದ್ದಾನೆ: ಹೇಳುವುದರಿಂದ ಮಾತು ಮುಗಿಯುವುದಿಲ್ಲ, ಅದು ಕೇಳಿಸಬೇಕು.